ಎದೆಬಡಿತ ತಪ್ಪಿದರೆ ಹೃದಯ ಕೆಟ್ಟಿದೆ ಎಂದೇ ಅರ್ಥವೇ? ಉತ್ತರ ಹುಡುಕಿದ ಜೇಮ್ಸ್ ಮೆಕೆಂಝಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಚಹಾದಂಗಡಿ ಮುಂದೆ ನಿಂತವರ ಮಾತಿಗೆ ಕಿವಿಗೊಟ್ಟರೆ ಎರಡು ಬಗೆಯ ಜನ ಸಿಗುತ್ತಾರೆ. ಕೈಯಲ್ಲಿರುವ ಸ್ಮಾರ್ಟ್ ವಾಚ್ ಒಮ್ಮೆ ನಾಡಿ ಏರುಪೇರಾಗಿದೆ ಎಂದು ತೋರಿಸಿದ್ದಕ್ಕೆ ರಾತ್ರಿಯಿಡೀ ನಿದ್ದೆಗೆಟ್ಟವರು ಒಂದು ಕಡೆ. ಎದೆ ಡವಡವ ಎಂದು ಕಣ್ಣಿಗೆ ಕತ್ತಲು ಬಂದರೂ ಅದು ಬರೀ ಗ್ಯಾಸು ಎಂದು ಸೋಡಾ ಕುಡಿದು ಸುಮ್ಮನಾದವರು ಇನ್ನೊಂದು ಕಡೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಮೊದಲ ಗುಂಪು ದಿಢೀರನೆ ದೊಡ್ಡದಾಯಿತು; ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹರಡಿದಾಗಲೂ ಇದೇ ಆಯಿತು. ಎರಡನೆಯ ಗುಂಪು ಮಾತ್ರ ಹಾಗೆಯೇ ಇದೆ.

ಈ ಇಬ್ಬರೂ ನೋಡುತ್ತಿರುವುದು ಬಡಿತವನ್ನು. ಬಡಿತ ತಪ್ಪಿದ ಹೃದಯ ಎಂಥದ್ದು ಎಂದು ಇಬ್ಬರೂ ಕೇಳುತ್ತಿಲ್ಲ. ಈ ಪ್ರಶ್ನೆಯನ್ನು ಕೇಳಲು ವೈದ್ಯಲೋಕಕ್ಕೆ ಕಲಿಸಿದವರು ದೊಡ್ಡ ಕಾಲೇಜಿನ ಪ್ರೊಫೆಸರ್ ಆಗಿರಲಿಲ್ಲ. ಇಂಗ್ಲೆಂಡಿನ ಒಂದು ನೇಕಾರರ ಊರಿನಲ್ಲಿ ಹೆರಿಗೆ ಮಾಡಿಸುತ್ತ, ಜ್ವರ ಕೆಮ್ಮಿಗೆ ಔಷಧಿ ಕೊಡುತ್ತ ಇದ್ದ ಜೇಮ್ಸ್ ಮೆಕೆಂಝಿ ಎಂಬ ವೈದ್ಯರು ಅವರು. ಅವರ ಬದುಕನ್ನು ನೋಡಿದರೆ, ಹೃದ್ರೋಗ ಇರುವವರಲ್ಲಿ ಬಡಿತ ಯಾಕೆ ಹಾದಿ ತಪ್ಪುತ್ತದೆ ಎಂಬುದು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ನಮ್ಮ ಅನಿಸಿಕೆ.

ಮೆಕೆಂಝಿ ಹುಟ್ಟಿದ್ದು 1853ರ ಏಪ್ರಿಲ್ 12ರಂದು, ಸ್ಕಾಟ್ಲೆಂಡಿನ ಸ್ಕೋನ್ ಎಂಬಲ್ಲಿನ ರೈತರ ಮನೆಯಲ್ಲಿ. ಶಾಲೆಯಲ್ಲಿ ಜಾಣ ಎನ್ನಿಸಿಕೊಂಡವರಲ್ಲ. ಬಾಯಿಪಾಠ ಅವರಿಗೆ ಒಗ್ಗುತ್ತಿರಲಿಲ್ಲ. ಹದಿನೈದರ ಹೊತ್ತಿಗೆ ಶಾಲೆ ಬಿಟ್ಟು ಪರ್ತ್ ಊರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಆಮೇಲೆ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1878ರಲ್ಲಿ ಪದವಿ ಪಡೆದರು. ಮರುವರ್ಷ ಲ್ಯಾಂಕಾಶೈರ್ ಪ್ರಾಂತ್ಯದ ಬರ್ನ್ಲಿ ಎಂಬ ಊರಿಗೆ ಹೋಗಿ ಅಲ್ಲಿನ ವೈದ್ಯರ ಜೊತೆ ಸೇರಿಕೊಂಡರು.

ಲ್ಯಾಂಕಾಶೈರ್ ನಮ್ಮ ಭಾಗದ ಹಿರಿಯರಿಗೆ ತೀರಾ ಅಪರಿಚಿತ ಹೆಸರೇನೂ ಅಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ, ಕಾರವಾರದ ಬಂದರುಗಳ ಮೂಲಕ ಸಾಗಿದ್ದು ಇದೇ ಲ್ಯಾಂಕಾಶೈರಿನ ಗಿರಣಿಗಳಿಗೆ. ಅಂಥ ಗಿರಣಿಗಳ ಊರು ಬರ್ನ್ಲಿ. ಮಗ್ಗದ ಸದ್ದು, ಹತ್ತಿಯ ದೂಳು, ತೇವ ತುಂಬಿದ ಇಕ್ಕಟ್ಟಾದ ಮನೆಗಳು. ಇಂಥ ಮನೆಗಳಲ್ಲಿ ಮಕ್ಕಳಿಗೆ ಗಂಟಲು ನೋವು ಬರುವುದು, ಅದರ ಬೆನ್ನಿಗೆ ರುಮ್ಯಾಟಿಕ್ ಜ್ವರ ಬರುವುದು, ಆ ಜ್ವರ ಹೃದಯದ ಕವಾಟವನ್ನು ಕೆಡಿಸುವುದು ಆಗಿನ ಕಾಲಕ್ಕೆ ಮಾಮೂಲಾಗಿತ್ತು.

ಅಲ್ಲಿನ ಮೊದಲ ವರ್ಷಗಳಲ್ಲಿ ಹೃದ್ರೋಗವಿದ್ದ ಒಬ್ಬ ತರುಣಿ ಹೆರಿಗೆಯ ವೇಳೆ ಮೆಕೆಂಝಿಯವರ ಕಣ್ಣೆದುರೇ ಪ್ರಾಣ ಬಿಟ್ಟರು. ಆಕೆಗೆ ಅಪಾಯವಿದೆ ಎಂಬುದು ಅವರಿಗೆ ಮೊದಲೇ ಹೊಳೆದಿರಲಿಲ್ಲ. ಪುಸ್ತಕ ತೆರೆದು ನೋಡಿದರೆ ಅಲ್ಲೂ ಉತ್ತರವಿಲ್ಲ. ಹೃದಯದಲ್ಲಿ ಅಪಸ್ವರ ಕೇಳಿದರೆ ಏನೆನ್ನಬೇಕು, ಬಡಿತ ತಪ್ಪಿದರೆ ಏನೆನ್ನಬೇಕು ಎಂದು ಹೆಸರುಗಳು ಬೇಕಾದಷ್ಟಿದ್ದವು. ಆ ರೋಗಿ ಇನ್ನು ಹತ್ತು ವರ್ಷಕ್ಕೆ ಹೇಗಿರುತ್ತಾರೆ ಎಂದು ಯಾರೂ ಬರೆದಿರಲಿಲ್ಲ. ಯಾಕೆಂದರೆ ದೊಡ್ಡಾಸ್ಪತ್ರೆಯ ತಜ್ಞರು ರೋಗಿಯನ್ನು ನೋಡುತ್ತಿದ್ದುದು ಕೆಲವೇ ವಾರ. ಊರ ವೈದ್ಯನಾದರೋ ಅದೇ ಮನುಷ್ಯನನ್ನು ಇಪ್ಪತ್ತು ವರ್ಷ ನೋಡುತ್ತಾನೆ. ತನ್ನ ಬಳಿ ಇರುವ ಬಂಡವಾಳ ಇದೊಂದೇ ಎಂದು ಮೆಕೆಂಝಿಯವರಿಗೆ ಗೊತ್ತಾಯಿತು. ಅವರು ಪ್ರತಿ ರೋಗಿಯ ನಾಡಿಯನ್ನೂ ದಾಖಲಿಸತೊಡಗಿದರು.

ಕುತ್ತಿಗೆಯಲ್ಲೂ ಒಂದು ನಾಡಿ

ಮೆಕೆಂಝಿಯವರ ಜಾಣತನ ಏನೆಂದು ತಿಳಿಯಲು ಹೃದಯದ ರಚನೆಯನ್ನು ಒಂದು ಸಲ ನೆನೆಯಬೇಕು. ಹೃದಯಕ್ಕೆ ಮೇಲೆ ಎರಡು, ಕೆಳಗೆ ಎರಡು ಕೋಣೆ. ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ ಕೆಲವು ವಿಶೇಷ ಜೀವಕೋಶಗಳ ಪುಟ್ಟ ಗುಂಪಿದೆ. ವಿಶ್ರಾಂತಿಯಲ್ಲಿದ್ದಾಗ ಅದು ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಸಂಕೇತ ಮೊದಲು ಮೇಲಿನ ಕೋಣೆಗಳಲ್ಲಿ ಹರಡುತ್ತದೆ, ನಡುವಿನ ಒಂದು ಗಂಟಿನಲ್ಲಿ ಕ್ಷಣಮಾತ್ರ ತಡೆದು ನಿಲ್ಲುತ್ತದೆ, ಆಮೇಲೆ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಮೇಲಿನವು ಹಿಂಡಿದ ಮೇಲೆ ಕೆಳಗಿನವು ಹಿಂಡುತ್ತವೆ. ಮಣಿಕಟ್ಟಿನಲ್ಲಿ ನಮ್ಮ ಬೆರಳಿಗೆ ತಾಗುವ ನಾಡಿ ಕೆಳಗಿನ ಎಡಕೋಣೆಯ ಕೆಲಸ. ಮೇಲಿನ ಕೋಣೆ ಏನು ಮಾಡುತ್ತಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಮೆಕೆಂಝಿ ಕುತ್ತಿಗೆಯ ಅಭಿಧಮನಿಯನ್ನು ನೋಡಿದರು. ಬಲ ಮೇಲಿನ ಕೋಣೆ ಹಿಂಡಿದಾಗ ಅದರ ಒತ್ತಡ ಕುತ್ತಿಗೆಯ ರಕ್ತನಾಳದಲ್ಲಿ ಸಣ್ಣ ಅಲೆಯಾಗಿ ಏಳುತ್ತದೆ. ಆ ಅಲೆಯನ್ನೂ ಮಣಿಕಟ್ಟಿನ ನಾಡಿಯನ್ನೂ ಒಂದೇ ಕಾಗದದ ಪಟ್ಟಿಯ ಮೇಲೆ ಒಟ್ಟಿಗೆ ಗೀಚುವ ಯಂತ್ರವೊಂದನ್ನು ಅವರು ರೂಪಿಸಿದರು. ಹೆಸರು ಪಾಲಿಗ್ರಾಫ್. ಮೊದಮೊದಲು ಮಸಿ ಹಿಡಿದ ಕಾಗದದ ಮೇಲೆ ಗೀರು ಬೀಳುತ್ತಿತ್ತು. ಆಮೇಲೆ ಲ್ಯಾಂಕಾಶೈರಿನ ಗಡಿಯಾರ ತಯಾರಕ ಸೆಬಾಸ್ಟಿಯನ್ ಶಾ ಅವರ ನೆರವಿನಿಂದ ಶಾಯಿಯಲ್ಲಿ ಬರೆಯುವ ಯಂತ್ರ ಸಿದ್ಧವಾಯಿತು. ಬ್ಯಾಗಿನಲ್ಲಿ ಹಾಕಿಕೊಂಡು ರೋಗಿಯ ಮನೆಗೆ ಒಯ್ಯಬಹುದಾದ ಯಂತ್ರ ಅದು. ಇಸಿಜಿ ಇನ್ನೂ ಆಸ್ಪತ್ರೆಗಳಿಗೆ ಬಂದಿರದ ಕಾಲ ಎಂಬುದನ್ನು ಮರೆಯಬಾರದು.

ಎರಡು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ, ಅಲ್ಲಿಯವರೆಗೆ ತಪ್ಪಿದ ನಾಡಿ ಎಂಬ ಒಂದೇ ಹೆಸರಿನಲ್ಲಿ ಮುದ್ದೆಯಾಗಿದ್ದುದು ಬಿಡಿಬಿಡಿಯಾಯಿತು. ಮಕ್ಕಳಲ್ಲಿ ಉಸಿರು ಎಳೆದಾಗ ನಾಡಿ ಚುರುಕಾಗಿ, ಬಿಟ್ಟಾಗ ನಿಧಾನವಾಗುತ್ತದೆ. ಇದು ಆರೋಗ್ಯದ ಲಕ್ಷಣವೇ ಹೊರತು ರೋಗವಲ್ಲ. ಇನ್ನು ಕೆಲವರಲ್ಲಿ ಕೆಳಗಿನ ಕೋಣೆ ಮೇಲಿನವುಗಳ ಅಪ್ಪಣೆಗೆ ಕಾಯದೆ ಅವಸರದಲ್ಲಿ ಒಮ್ಮೆ ಹಿಂಡಿಬಿಡುತ್ತದೆ. ಆ ಹೆಚ್ಚುವರಿ ಬಡಿತದ ಹಿಂದೆಯೇ ಒಂದು ವಿರಾಮ, ಆಮೇಲಿನ ಬಡಿತ ಜೋರು. ಎದೆಯಲ್ಲಿ ಧಸಕ್ ಎಂದಂತೆ ಆಗುವುದು ಇದರಿಂದ. ನಮ್ಮಲ್ಲಿ ಬಹಳ ಜನ ಹೃದಯ ನಿಂತು ಮತ್ತೆ ಶುರುವಾಯಿತು ಎಂದು ಗಾಬರಿಪಡುವುದು ಇದನ್ನೇ.

ಆಗಿನ ವೈದ್ಯರೂ ಹೀಗೆಯೇ ಗಾಬರಿಪಡುತ್ತಿದ್ದರು. ನಾಡಿ ತಪ್ಪಿದವರನ್ನು ತಿಂಗಳುಗಟ್ಟಲೆ ಮಲಗಿಸುತ್ತಿದ್ದರು, ದುಡಿಮೆ ಬಿಡಿಸುತ್ತಿದ್ದರು. ಗಿರಣಿ ಕೂಲಿಯಿಂದ ಹೊಟ್ಟೆ ಹೊರೆಯುವ ಮನೆಗೆ ಆ ಒಂದು ಮಾತು ಎಂದರೆ ಉಪವಾಸ. ಮೆಕೆಂಝಿ ತಮ್ಮ ಹೆಚ್ಚುವರಿ ಬಡಿತದ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಹೃದಯ ಬೇರೆ ರೀತಿಯಲ್ಲಿ ಚೆನ್ನಾಗಿದ್ದವರು ಮಗ್ಗದ ಮುಂದೆ ದುಡಿಯುತ್ತಲೇ ಇದ್ದರು, ಏನೂ ಆಗಲಿಲ್ಲ. ಅವರನ್ನು ಮಲಗಿಸಬೇಡಿ ಎಂದು ಮೆಕೆಂಝಿ ಬರೆದರು. 1902ರಲ್ಲಿ ಬಂದ ಅವರ ನಾಡಿಯ ಕುರಿತ ಪುಸ್ತಕದ ಹಿಂದೆ ಹೀಗೆ ಎರಡು ದಶಕದ ಮನೆಮನೆ ತಿರುಗಾಟವಿದೆ.

ಮಾಯವಾದ ಅಲೆ

ಎಲ್ಲ ನಾಡಿಗಳೂ ಹೀಗೆ ನಿರುಪದ್ರವಿ ಆಗಿರಲಿಲ್ಲ. ಮೂರನೆಯ ಬಗೆಯೊಂದಿತ್ತು: ಒಂದು ಬಡಿತಕ್ಕೂ ಇನ್ನೊಂದಕ್ಕೂ ಯಾವ ಹೊಂದಾಣಿಕೆಯೂ ಇಲ್ಲದ, ತಾಳವೇ ಸಿಗದ ನಾಡಿ. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿದ್ದ ಒಬ್ಬ ಮಹಿಳೆಯನ್ನು ಮೆಕೆಂಝಿ ಹಲವು ವರ್ಷಗಳಿಂದ ನೋಡುತ್ತಿದ್ದರು. ಆಕೆಯ ನಾಡಿ ಕ್ರಮವಾಗಿಯೇ ಇತ್ತು, ಕುತ್ತಿಗೆಯಲ್ಲಿ ಮೇಲಿನ ಕೋಣೆಯ ಅಲೆಯೂ ಇತ್ತು. 1890ರ ದಶಕದ ಕೊನೆಯಲ್ಲಿ ಒಂದು ದಿನ ಆಕೆಯ ನಾಡಿ ತಾಳ ಕಳೆದುಕೊಂಡಿತು. ಕುತ್ತಿಗೆಯ ಪಟ್ಟಿಯಲ್ಲಿ ಆ ಅಲೆ ಮಾಯವಾಗಿತ್ತು. ಹಿಂದಿನ ಪಟ್ಟಿಗಳು ಕೈಯಲ್ಲಿ ಇದ್ದದ್ದರಿಂದ ಈ ಬದಲಾವಣೆ ಕಣ್ಣಿಗೆ ಬಿತ್ತು. ಆ ದಿನವಷ್ಟೇ ಆಕೆಯನ್ನು ನೋಡಿದ ತಜ್ಞರಿಗೆ ಅದು ಕಾಣುತ್ತಿರಲಿಲ್ಲ.

ಮೇಲಿನ ಕೋಣೆಗೆ ಪಾರ್ಶ್ವವಾಯು ಬಡಿದಿದೆ ಎಂದು ಮೆಕೆಂಝಿ ಮೊದಲು ತೀರ್ಮಾನಿಸಿದರು. ಅದು ತಪ್ಪು. ಇಂಥ ರೋಗಿಗಳು ತೀರಿಕೊಂಡ ಮೇಲೆ ಅವರ ಹೃದಯ ನೋಡಿದಾಗ ಮೇಲಿನ ಕೋಣೆಯ ಸ್ನಾಯು ಸೊರಗಿರಲಿಲ್ಲ, ದಪ್ಪವಾಗಿತ್ತು. ಪಾರ್ಶ್ವವಾಯು ಆಗಿದ್ದರೆ ದಪ್ಪವಾಗುವುದು ಹೇಗೆ? ಮೆಕೆಂಝಿ ಮಾತು ಬದಲಿಸಿದರು: ಬಡಿತ ನಡುವಿನ ಗಂಟಿನಿಂದ ಹುಟ್ಟುತ್ತಿರಬೇಕು ಎಂದರು. ಅದೂ ತಪ್ಪು. ಎರಡು ಸಲ ತಪ್ಪಿದ್ದನ್ನು ಅವರು ಮುಚ್ಚಿಡಲಿಲ್ಲ ಎಂಬುದು ಅವರ ಬಗ್ಗೆ ನಮಗೆ ತುಂಬಾ ಹಿಡಿಸಿದ ಸಂಗತಿ. ಅನುಮಾನ ತೀರಿಸಿಕೊಳ್ಳಲು ಅವರು ಲಂಡನ್ನಿನ ಅಂಗರಚನಾ ತಜ್ಞ ಆರ್ಥರ್ ಕೀತ್ ಅವರಿಗೆ ರೋಗಿಗಳ ಹೃದಯಗಳನ್ನು ಪರೀಕ್ಷೆಗೆ ಕಳಿಸುತ್ತಿದ್ದರು. ಹಾಗೆ ಹೃದಯದ ಒಳಗಿನ ಹಾದಿಗಳನ್ನು ಹುಡುಕುವ ಆಸಕ್ತಿ ಹತ್ತಿದ ಕೀತ್, ತಮ್ಮ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್ ಜೊತೆ 1907ರಲ್ಲಿ, ನಾವು ಮೇಲೆ ಹೇಳಿದ ಬಡಿತ ಹುಟ್ಟಿಸುವ ಆ ಪುಟ್ಟ ಗುಂಪನ್ನು ಜಗತ್ತಿಗೆ ತೋರಿಸಿದರು.

ಒಗಟು ಬಿಡಿಸಿದ್ದು ಬೇರೆಯವರು. ನಾಯಿಯ ಹೃದಯದ ಮೇಲಿನ ಕೋಣೆ ಪ್ರಯೋಗಾಲಯದಲ್ಲಿ ಅದುರುವಾಗ ಬರುವ ನಾಡಿಗೂ ಈ ರೋಗಿಗಳ ನಾಡಿಗೂ ಹೋಲಿಕೆಯಿದೆ ಎಂದು ಔಷಧ ವಿಜ್ಞಾನಿ ಆರ್ಥರ್ ಕುಶ್ನಿ ಗುರುತಿಸಿದ್ದರು. ಮೆಕೆಂಝಿಯವರ ಕಿರಿಯ ಒಡನಾಡಿ ಥಾಮಸ್ ಲೂಯಿಸ್ 1909ರಲ್ಲಿ, ಹಾಲೆಂಡಿನ ಐಂಥೋವನ್ ಕಂಡುಹಿಡಿದ ಇಸಿಜಿ ಯಂತ್ರದಿಂದ ಅದನ್ನು ಖಚಿತಪಡಿಸಿದರು. ಮೇಲಿನ ಕೋಣೆ ನಿಂತಿರಲಿಲ್ಲ. ಹಿಂಡುವ ಬದಲು ಹುಳುಗಳ ರಾಶಿಯಂತೆ ಅದುರುತ್ತಿತ್ತು. ಇಂದು ಡಾಕ್ಟರು ಚೀಟಿಯಲ್ಲಿ ಎಎಫ್ ಎಂದು ಬರೆಯುವ ಏಟ್ರಿಯಲ್ ಫಿಬ್ರಿಲೇಶನ್ ಇದೇ.

ಆ ಮಹಿಳೆಗೆ ಹಾಗೆ ಆಗಿದ್ದು ಯಾಕೆ? ಕವಾಟ ಕಿರಿದಾದಾಗ ರಕ್ತ ಮುಂದಕ್ಕೆ ಸರಾಗವಾಗಿ ಹೋಗದೆ ಮೇಲಿನ ಎಡಕೋಣೆಯಲ್ಲಿ ಒತ್ತಡ ಏರುತ್ತದೆ. ವರ್ಷಗಟ್ಟಲೆ ಹಿಗ್ಗಿದ ಕೋಣೆಯ ಗೋಡೆಯಲ್ಲಿ ನಾರಿನಂಥ ಗಾಯದ ಕಲೆಗಳು ಕೂಡುತ್ತವೆ. ಸಂಕೇತ ಇನ್ನು ನೇರವಾಗಿ ಹರಿಯದೆ ಅಲ್ಲಲ್ಲಿ ಸುಳಿ ಸುತ್ತುತ್ತದೆ. ರಕ್ತದೊತ್ತಡ, ಹೃದಯ ವೈಫಲ್ಯ ಮತ್ತು ವಯಸ್ಸು ಕೂಡ ಇದೇ ಕೋಣೆಯನ್ನು ಬೇರೆ ಬೇರೆ ಹಾದಿಯಿಂದ ಹೀಗೇ ಹಿಗ್ಗಿಸುತ್ತವೆ. ಥೈರಾಯ್ಡ್ ಹೆಚ್ಚಾದರೆ, ವಿಪರೀತ ಕುಡಿದರೆ ಕಿಡಿ ಹೊತ್ತುವುದು ಇನ್ನೂ ಸುಲಭ. ಅದುರುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹಾರಿದರೆ ಲಕ್ವ. ಎಎಫ್ ಇರುವ ಅನೇಕರಿಗೆ ರಕ್ತ ತೆಳುವಾಗಿಸುವ ಮಾತ್ರೆ ಕೊಡುವುದು ಇದಕ್ಕೇ. ಎದೆ ಈಗ ಸರಿಯಿದೆ ಎಂದು ಅಥವಾ ಹಲ್ಲು ಕೀಳಿಸಬೇಕೆಂದು ಅದನ್ನು ತಾವಾಗಿ ನಿಲ್ಲಿಸುವುದು ಅಪಾಯ.

ರುಮ್ಯಾಟಿಕ್ ಹೃದ್ರೋಗ ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಮರೆಯಾಗಿದೆ. ಭಾರತದಲ್ಲಿ ಆಗಿಲ್ಲ. 5ರಿಂದ 15 ವರ್ಷದ ಮಕ್ಕಳಿಗೆ ಗಂಟಲು ನೋವಾಗಿ ಎರಡು ಮೂರು ವಾರದ ಮೇಲೆ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಸರಿಯುವ ಬಾವು ಬಂದರೆ ಅದನ್ನು ಬೆಳೆಯುವ ನೋವು ಎಂದು ತಳ್ಳಿಹಾಕಬಾರದು. ಒಮ್ಮೆ ಈ ಜ್ವರ ಬಂದ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ ಹಳೆಯದು, ಅಗ್ಗದ್ದು. ಇಪ್ಪತ್ತು ಮೂವತ್ತು ವರ್ಷದ ಆಚೆ ಬರಬಹುದಾದ ತಾಳ ತಪ್ಪಿದ ನಾಡಿಯನ್ನು ತಡೆಯುವ ಕೆಲಸ ಅಲ್ಲಿಂದಲೇ ಶುರು.

ಮೆಕೆಂಝಿಯವರಿಗೆ ಈ ರೋಗಿಗಳಲ್ಲಿ ಇನ್ನೊಂದು ಸಂಗತಿ ಕಂಡಿತ್ತು. ವಿಲಿಯಂ ವಿದರಿಂಗ್ 1785ರಲ್ಲೇ ಪರಿಚಯಿಸಿದ್ದ ಡಿಜಿಟಾಲಿಸ್ ಎಂಬ ಗಿಡದ ಔಷಧಿ ತಾಳ ತಪ್ಪಿದ ನಾಡಿಯವರಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತಿತ್ತು. ಕ್ರಮವಾದ ನಾಡಿ ಇದ್ದವರಲ್ಲಿ ಅಷ್ಟಾಗಿ ಅಲ್ಲ. ಅದು ಮೇಲಿನ ಗದ್ದಲವನ್ನು ನಿಲ್ಲಿಸುವುದಿಲ್ಲ, ಕೆಳಗೆ ಇಳಿಯುವ ಸಂಕೇತಗಳನ್ನು ಕಡಿಮೆ ಮಾಡಿ ಕೆಳಕೋಣೆಗೆ ಉಸಿರಾಡಲು ಬಿಡುವು ಕೊಡುತ್ತದೆ. ಅದೇ ಗಿಡದ ಜಾತಿಯಿಂದ ಬಂದ ಡಿಗಾಕ್ಸಿನ್ ಈಗಲೂ ಬಳಕೆಯಲ್ಲಿದೆ. ಪ್ರಮಾಣ ಮೀರಿದರೆ ಅದೇ ಬಡಿತ ಕೆಡಿಸುತ್ತದೆ ಎಂಬುದೂ ನಿಜ.

ಕಲೆಯ ಸುತ್ತ ತಿರುಗುವ ಸಂಕೇತ

28 ವರ್ಷ ಬರ್ನ್ಲಿಯಲ್ಲಿ ಕಳೆದು 1907ರಲ್ಲಿ ಮೆಕೆಂಝಿ ಲಂಡನ್ನಿಗೆ ಹೋದರು. ಐವತ್ತು ದಾಟಿದ ಊರ ವೈದ್ಯನನ್ನು ಅಲ್ಲಿ ಮೊದಲು ಯಾರೂ ಕೇಳಲಿಲ್ಲ. 1908ರಲ್ಲಿ ಹೃದ್ರೋಗಗಳ ಕುರಿತ ದೊಡ್ಡ ಪುಸ್ತಕ ಬಂದ ಮೇಲೆ ಚಿತ್ರ ಬದಲಾಯಿತು. 1915ರಲ್ಲಿ ಸರ್ ಪದವಿ ಬಂತು, ರಾಯಲ್ ಸೊಸೈಟಿಯ ಸದಸ್ಯತ್ವವೂ ಬಂತು. ಮೊದಲ ಮಹಾಯುದ್ಧದಲ್ಲಿ ಎದೆ ಡವಗುಟ್ಟುತ್ತದೆ, ಸುಸ್ತಾಗುತ್ತದೆ ಎಂದ ಸಾವಿರಾರು ಸೈನಿಕರಿಗೆ ಹೃದ್ರೋಗಿ ಎಂಬ ಹಣೆಪಟ್ಟಿ ಹಚ್ಚಿದಾಗ, ಇವರಲ್ಲಿ ಹೆಚ್ಚಿನವರ ಹೃದಯ ಚೆನ್ನಾಗಿಯೇ ಇದೆ ಎಂದು ವಾದಿಸಿದವರಲ್ಲಿ ಅವರೂ ಒಬ್ಬರು.

ಅದೇ ಹೊತ್ತಿಗೆ ಅವರದೇ ಹೃದಯ ಕೆಡುತ್ತಿತ್ತು. ಲಂಡನ್ನಿಗೆ ಬಂದ ಆಸುಪಾಸಿನಲ್ಲಿ ಅವರಿಗೆ ಎದೆನೋವು ಶುರುವಾಗಿತ್ತು. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಕರೊನರಿ ರಕ್ತನಾಳಗಳು ಕಿರಿದಾದಾಗ ಬರುವ ನೋವು ಅದು, ಆಂಜೈನಾ.

ಈ ನಾಳಗಳ ರೋಗ ಬಡಿತವನ್ನು ಕೆಡಿಸುವ ಬಗೆ ಬೇರೆ. ಹೃದಯಾಘಾತ ಆದ ಮೊದಲ ಗಂಟೆಗಳಲ್ಲಿ ರಕ್ತ ಸಿಗದ ಸ್ನಾಯುವಿನ ವಿದ್ಯುತ್ ಸ್ಥಿತಿ ಅಲ್ಲೋಲಕಲ್ಲೋಲವಾಗಿ, ಕೆಳಗಿನ ಕೋಣೆಗಳೇ ಅದುರತೊಡಗಬಹುದು. ಮೇಲಿನ ಕೋಣೆ ಅದುರಿದರೆ ಮನುಷ್ಯ ಬದುಕುತ್ತಾನೆ. ಕೆಳಗಿನದು ಅದುರಿದರೆ ರಕ್ತ ಹೊರಹೋಗುವುದೇ ನಿಲ್ಲುತ್ತದೆ. ನಿಮಿಷಗಳಲ್ಲಿ ಎದೆ ಒತ್ತಿ, ಶಾಕ್ ಕೊಡದಿದ್ದರೆ ಉಳಿವಿಲ್ಲ. ಹಠಾತ್ ಸಾವುಗಳಲ್ಲಿ ಬಹಳಷ್ಟು ಆಗುವುದು ಹೀಗೆ. ಆ ಗಂಡಾಂತರ ದಾಟಿದವರಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಕಲೆ ಉಳಿಯುತ್ತದೆ. ನಮ್ಮ ಚೆನ್ನಮ್ಮ ಸರ್ಕಲ್ಲನ್ನು ನೆನೆಯಿರಿ. ನಡುವಿನ ಭಾಗದಲ್ಲಿ ಯಾವ ಗಾಡಿಯೂ ನುಗ್ಗುವಂತಿಲ್ಲ, ಸುತ್ತ ಬಳಸಿಯೇ ಹೋಗಬೇಕು. ಕಲೆಯೂ ಹಾಗೆ. ಅದರ ಅಂಚಿನಲ್ಲಿ ಅರೆಜೀವದ ಸ್ನಾಯುವಿನ ಎಳೆಗಳಿವೆ. ಸಂಕೇತ ಅಲ್ಲಿ ತೆವಳುತ್ತ ಸಾಗಿ ಆಚೆ ಬರುವ ಹೊತ್ತಿಗೆ ಉಳಿದ ಸ್ನಾಯು ಮತ್ತೆ ಹಿಂಡಲು ತಯಾರಾಗಿರುತ್ತದೆ. ಸಂಕೇತ ಹೊರಬೀಳದೆ ಅಲ್ಲೇ ಗಿರಗಿರ ಸುತ್ತುತ್ತದೆ, ಪ್ರತಿ ಸುತ್ತಿಗೂ ಒಂದು ಬಡಿತ. ಹೀಗೆ ನಿಮಿಷಕ್ಕೆ 150, 200 ಬಡಿತ. ಹೃದಯಾಘಾತವಾಗಿ ಎಷ್ಟೋ ವರ್ಷದ ಮೇಲೂ ಇದು ಬರಬಹುದು. ಕಿಡಿ ಹಚ್ಚುವುದು ಬೇರೇನೋ ಇರಬಹುದು: ಮತ್ತೆ ರಕ್ತದ ಕೊರತೆ, ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ವಾಂತಿಭೇದಿಯಿಂದ ಇಳಿದ ಪೊಟ್ಯಾಸಿಯಂ, ಯಾವುದೋ ಔಷಧಿ, ಮೈತುಂಬ ಜ್ವರ.

ಕಲೆಯಿಲ್ಲದ ಹೃದಯದಲ್ಲಿ ಅಪರೂಪಕ್ಕೆ ಬರುವ ಹೆಚ್ಚುವರಿ ಬಡಿತ ಏನೂ ಮಾಡದೆ ಹೋಗುತ್ತದೆ. ಕಲೆಯಿರುವ ಹೃದಯದಲ್ಲಿ ಅದೇ ಬಡಿತ ಎಚ್ಚರಿಕೆ. ಹಾಗಾದರೆ ಅಂಥವರಲ್ಲಿ ಹೆಚ್ಚುವರಿ ಬಡಿತವನ್ನೇ ಮಾತ್ರೆಯಿಂದ ಅಡಗಿಸಿದರೆ ಮುಗಿಯಿತಲ್ಲ? ಅಮೆರಿಕದಲ್ಲಿ ಹೃದಯಾಘಾತವಾದವರ ಮೇಲೆ ಇದನ್ನು ಪರೀಕ್ಷಿಸಿದರು. ಇಸಿಜಿ ಚೊಕ್ಕವಾಯಿತು. ಆದರೆ 1989ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಆ ಮಾತ್ರೆ ನುಂಗಿದವರಲ್ಲಿ ಸಾವು ಖಾಲಿ ಮಾತ್ರೆ ನುಂಗಿದವರಿಗಿಂತ ಹೆಚ್ಚಾಗಿತ್ತು. ಮೆಕೆಂಝಿ ಬದುಕಿದ್ದರೆ ಇದು ಅವರಿಗೆ ಅಚ್ಚರಿ ತರುತ್ತಿರಲಿಲ್ಲವೇನೋ. ಈಗ ವೈದ್ಯರು ಮೊದಲು ಎಕೋ ಮಾಡಿಸಿ ಹೃದಯದ ಹಿಂಡುವ ಬಲ ಎಷ್ಟಿದೆ ನೋಡುತ್ತಾರೆ. ಬಲ ತೀರಾ ಕಡಿಮೆಯಿರುವವರಿಗೆ ತಾನಾಗಿಯೇ ಶಾಕ್ ಕೊಡುವ ಪುಟ್ಟ ಯಂತ್ರವನ್ನು ಎದೆಯ ಚರ್ಮದಡಿ ಕೂರಿಸುತ್ತಾರೆ.

ಚಹಾದಂಗಡಿಯ ಆ ಎರಡೂ ಗುಂಪಿಗೆ ಬೇಕಾದ ಲೆಕ್ಕ ಇಲ್ಲಿದೆ. ಯಾವ ಹೃದ್ರೋಗವೂ ಇಲ್ಲದೆ ಅಪರೂಪಕ್ಕೊಮ್ಮೆ ಧಸಕ್ ಎನ್ನುವವರು ಒಮ್ಮೆ ಇಸಿಜಿ ಮಾಡಿಸಿ, ಡಾಕ್ಟರು ಸರಿಯಿದೆ ಎಂದರೆ ವಾಚನ್ನು ಪದೇ ಪದೇ ನೋಡುವುದು ಬಿಡಬಹುದು. ಮೊದಲೇ ಹೃದಯಾಘಾತ ಆದವರು, ಕವಾಟದ ತೊಂದರೆ ಇರುವವರು, ಹೃದಯ ದುರ್ಬಲ ಎಂದು ಹೇಳಿಸಿಕೊಂಡವರು ಡವಡವಿಕೆಯನ್ನು ಗ್ಯಾಸಿನ ಲೆಕ್ಕಕ್ಕೆ ಹಾಕಬಾರದು. ಅದರ ಜೊತೆ ಎಚ್ಚರ ತಪ್ಪಿದರೆ, ಎದೆ ಹಿಂಡಿದರೆ, ಉಸಿರು ಕಟ್ಟಿದರೆ ಸೋಡಾ ಹುಡುಕದೆ 108ಕ್ಕೆ ಕರೆ ಮಾಡಬೇಕು. ಮನೆಯಲ್ಲಿ ಯಾರಾದರೂ ಎಳೆವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

ಮೆಕೆಂಝಿ ತಮ್ಮ ಎದೆನೋವನ್ನೂ ರೋಗಿಯ ನಾಡಿಯಂತೆಯೇ ದಾಖಲಿಸಿದರು. 1918ರಲ್ಲಿ ಲಂಡನ್ನಿನ ದೊಡ್ಡ ಸಂಪಾದನೆ ಬಿಟ್ಟು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ಗೆ ಹೋದರು. ಅಲ್ಲಿ ಊರ ವೈದ್ಯರೇ ಸೇರಿ ರೋಗದ ಮೊದಲ ಸುಳಿವುಗಳನ್ನು ವರ್ಷಗಟ್ಟಲೆ ಬರೆದಿಡುವ ಸಂಸ್ಥೆಯನ್ನು ಮರುವರ್ಷ ಕಟ್ಟಿದರು. ಯಂತ್ರಗಳ ಬಗ್ಗೆ ಅವರಿಗೆ ಅಷ್ಟು ಹೊತ್ತಿಗೆ ಸಿಟ್ಟೇ ಬಂದಿತ್ತು. ಪಾಲಿಗ್ರಾಫ್ ತನಗೆ ಪಾಠ ಹೇಳಿಕೊಟ್ಟಾಯಿತು, ಇನ್ನು ದಿನನಿತ್ಯ ಅದು ಬೇಡ, ಬೆರಳು ಮತ್ತು ಕಣ್ಣು ಸಾಕು ಎಂಬುದು ಅವರ ನಿಲುವು. ಇಸಿಜಿಯ ವಿಷಯದಲ್ಲಿ ಅವರು ಹಟಮಾರಿಯಾದರು ಎಂದೇ ನಮಗೆ ಅನ್ನಿಸುತ್ತದೆ. ಅದನ್ನು ಕೈಗೆತ್ತಿಕೊಂಡ ಲೂಯಿಸ್ ಅವರೇ ಮುಂದೆ ಸಾಗಿದರು.

1923ರಲ್ಲಿ ಆಂಜೈನಾ ಕುರಿತು ಅವರ ಪುಸ್ತಕ ಹೊರಬಂತು. ಅದರಲ್ಲಿನ ರೋಗಿಗಳ ಸಾಲಿನಲ್ಲಿ, ಹೆಸರಿಲ್ಲದೆ ಸಂಖ್ಯೆ ಮಾತ್ರ ಹೊತ್ತ ಒಬ್ಬ ವೈದ್ಯನ ವಿವರವಿದೆ. ಅದು ಅವರದೇ. 1925ರ ಜನವರಿ 26ರಂದು ಲಂಡನ್ನಿನಲ್ಲಿ ಅವರು ತೀರಿಕೊಂಡರು. ತನ್ನ ಹೃದಯವನ್ನು ತೆಗೆದು ಪರೀಕ್ಷಿಸಬೇಕು ಎಂದು ಮೊದಲೇ ಹೇಳಿದ್ದರು. ಅದರಂತೆ ಹೃದಯ ಸೇಂಟ್ ಆಂಡ್ರ್ಯೂಸ್ ಸೇರಿತು. ಅಲ್ಲಿನ ಅಂಗರಚನಾ ತಜ್ಞ ಡೇವಿಡ್ ವಾಟರ್‌ಸ್ಟನ್ ಅದನ್ನು ಪರೀಕ್ಷಿಸಿ 1939ರಲ್ಲಿ ವರದಿ ಪ್ರಕಟಿಸಿದರು. ಕರೊನರಿ ನಾಳಗಳು ಕಿರಿದಾಗಿದ್ದವು, ಸ್ನಾಯುವಿನಲ್ಲಿ ಹಳೆಯ ಕಲೆಗಳಿದ್ದವು.